ವೈದ್ಯನ ಕೈಯ ನೀರು

“ಗುರುಗಳೇ, ಊರಿಗೆ ಒಳ್ಳೆಯದು ಮಾಡಲು ಹೋದವನನ್ನು ಊರೇ ಬೈದರೆ ಅವನು ಏನು ಮಾಡಬೇಕು?”

ಹೀಗೆ ಕೇಳಿದ ಶಿಷ್ಯನ ಮುಖ ಇನ್ನೂ ಕೆಂಪಗಿತ್ತು. ಮಠದ ಕೆಳಗಿನದು ಕುಡಿಯುವ ನೀರಿನ ಕೆರೆ. ಅದರಲ್ಲಿ ದನ ತೊಳೆಯಬೇಡಿ ಎಂದು ಹೇಳಲು ಅವನು ಬೆಳಿಗ್ಗೆ ಹೋಗಿದ್ದ. ದನ ತೊಳೆಯುವವರು ಅವನ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಅವನ ಕುಲ, ಗೋತ್ರ, ಬೋಳು ತಲೆ ಎಲ್ಲವನ್ನೂ ಸೇರಿಸಿ ಬೈದು, ದನಗಳನ್ನು ಇನ್ನೊಮ್ಮೆ ತೊಳೆದರು.

ಗುರುಗಳು ಪೂರ್ವಾಶ್ರಮದಲ್ಲಿ ವ್ಯಾಪಾರ ಮಾಡಿದವರು. ತೂಗದೆ ಯಾವ ಮಾತನ್ನೂ ಆಡುತ್ತಿರಲಿಲ್ಲ. ಶಿಷ್ಯನಿಗೆ ಕೂರಲು ಹೇಳಿ, ಕತೆ ಶುರುಮಾಡಿದರು.

ಹೊಳೆ ಕಡಲನ್ನು ಸೇರುವ ಕಡೆ ಒಂದು ಬಂದರು ಪಟ್ಟಣವಿತ್ತು. ಅಲ್ಲಿ ಒಬ್ಬ ವರ್ತಕನಿದ್ದ, ಒಬ್ಬ ವೈದ್ಯನಿದ್ದ. ಇಬ್ಬರೂ ಒಂದೇ ಮರಳಿನ ಮೇಲೆ ಬೆರಳು ಸವೆಸಿ ಅಕ್ಷರ ಕಲಿತವರು. ದೊಡ್ಡವರಾದ ಮೇಲೆ ಒಬ್ಬನ ಪಾಲಿಗೆ ಹಡಗಿನ ಸರಕು ಬಂತು. ಇನ್ನೊಬ್ಬನ ಪಾಲಿಗೆ ಸರಕು ಇಳಿಸುವವರ ರೋಗ ಬಂತು. ಸ್ನೇಹ ಮಾತ್ರ ಹಾಗೆಯೇ ಉಳಿಯಿತು. ಸಂಜೆಯಾದರೆ ವೈದ್ಯ ವರ್ತಕನ ಅಂಗಡಿಯ ಜಗಲಿಗೆ ಬಂದು ಕೂರುತ್ತಿದ್ದ. ವರ್ತಕ ವೀಳ್ಯದ ತಟ್ಟೆಯನ್ನು ಅವನ ಕಡೆ ತಳ್ಳುತ್ತಿದ್ದ. ಬಂದ ಹಡಗು, ಹೋದ ಹಡಗು ನೋಡುತ್ತ, ಒಬ್ಬರನ್ನೊಬ್ಬರು ಹೀಯಾಳಿಸುತ್ತ ಹೊತ್ತು ಕಳೆಯುತ್ತಿದ್ದರು.

ವರ್ತಕನ ಲೆಕ್ಕದಲ್ಲಿ ವೈದ್ಯ ಜಾಣನೂ ಹೌದು, ದಡ್ಡನೂ ಹೌದು. ಮದ್ದು ಕೊಡುವಾಗ ಜಾಣ. ಮದ್ದು ಕೊಟ್ಟು ಮುಗಿದ ಮೇಲೆ ಮನೆಗೆ ಹೋಗಿ ಮಲಗದೆ ಊರು ಸುತ್ತುತ್ತಾನಲ್ಲ, ಅದು ದಡ್ಡತನ. ಯಾರ ಮನೆಯ ಬಚ್ಚಲ ನೀರು ಎಲ್ಲಿಗೆ ಹರಿಯುತ್ತದೆ, ತೆಂಗಿನ ಸಿಪ್ಪೆ ಕೊಳೆಸುವ ಹೊಂಡ ಯಾರ ಅಡುಗೆಮನೆಗೆ ಹತ್ತಿರವಿದೆ, ಸಂತೆ ಮುಗಿದ ಮೇಲೆ ಕಸ ಯಾರ ಬಾಗಿಲಲ್ಲಿ ಬೀಳುತ್ತದೆ, ಎಲ್ಲವೂ ಅವನಿಗೆ ಬೇಕು. ಕಾಡಿ ಬೇಡಿ ಹೊಂಡ ಮುಚ್ಚಿಸಿದ್ದ. ಚರಂಡಿ ತೋಡಿಸಿದ್ದ. ಹಡಗು ಬಂದು ನಿಲ್ಲುವ ಧಕ್ಕೆಯ ಹಮಾಲರಿಗೆ ನೆರಳಿರಲಿ ಎಂದು ಹೊನ್ನೆಮರದ ಸಾಲು ನೆಡಿಸಿದ್ದ. ಊರವರು ಅವನ ಮದ್ದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದರು. ಅವನ ಮಾತು ಶುರುವಾದರೆ ಹಿತ್ತಲ ಬಾಗಿಲಿನಿಂದ ಜಾರಿಕೊಳ್ಳುತ್ತಿದ್ದರು.

“ಜ್ವರ ಬಂದಾಗ ಪಂಡಿತ ಬರಬೇಕು, ಜ್ವರ ಬಿಟ್ಟಾಗ ಪಂಡಿತನೂ ಬಿಡಬೇಕು. ಊರಿಗೆ ಬೇಕಾದದ್ದು ಇಷ್ಟೇ” ಎಂದು ವರ್ತಕ ನಗುತ್ತಿದ್ದ.

“ಬಿಟ್ಟುಹೋಗಲು ನಾನು ಜ್ವರದಷ್ಟು ಸಾಧುವಲ್ಲ ಮಾರಾಯ” ಎನ್ನುತ್ತಿದ್ದ ವೈದ್ಯ.

ಅವನಿಗೆ ಇನ್ನೊಂದು ಕೆಲಸವಿತ್ತು. ದೂರದ ಕಡಲಿನಿಂದ ಬಂದ, ಹಡಗಿನಲ್ಲಿ ದುಡಿಯುವ ಖಲಾಸಿಗಳು ಕೆಲವರು ಆ ಊರಲ್ಲೇ ಹಾಸಿಗೆ ಹಿಡಿಯುತ್ತಿದ್ದರು. ಅವರ ಹತ್ತಿರ ತಾಯಿಯಿಲ್ಲ, ಹೆಂಡತಿಯಿಲ್ಲ, ಮಕ್ಕಳಿಲ್ಲ. ಅವರಲ್ಲಿ ಉಳಿಯದವರ ಬಾಯಿಗೆ ಕೊನೆಯ ನೀರನ್ನು ವೈದ್ಯನೇ ಬಿಡುತ್ತಿದ್ದ. ಇದು ಪುಣ್ಯದ ಕೆಲಸವೆಂದು ಊರೆಲ್ಲ ಒಪ್ಪಿತ್ತು. ಒಪ್ಪಿ, ಆ ಕೈಯಿಂದ ತಾನು ಮಾತ್ರ ನೀರು ಕುಡಿಯುತ್ತಿರಲಿಲ್ಲ. ಮದ್ದು ಕೊಟ್ಟರೆ ತೆಗೆದುಕೊಳ್ಳುವರು. ನುಂಗುವ ನೀರನ್ನು ಮನೆಯವರೇ ಕೊಡಬೇಕು. ಮದುವೆ ಊಟದಲ್ಲಿ ವೈದ್ಯ ಅಪ್ಪಿತಪ್ಪಿ ನೀರಿನ ಪಾತ್ರೆ ಹಿಡಿದರೆ ಪಂಕ್ತಿಯಲ್ಲಿದ್ದವರೆಲ್ಲ ಲೋಟಕ್ಕೆ ಅಂಗೈ ಮುಚ್ಚುವರು.

“ನಿನ್ನ ಕೈಯ ನೀರು ಕುಡಿದು ಎದ್ದವರನ್ನು ಯಾರೂ ಕಂಡಿಲ್ಲವಲ್ಲ” ಎಂದು ವರ್ತಕನೂ ಕೀಟಲೆ ಮಾಡುತ್ತಿದ್ದ. ವೈದ್ಯ ನಗುತ್ತಿದ್ದ.

ಧಕ್ಕೆಯ ಪಕ್ಕದಲ್ಲಿ ಒಂದು ಬಾವಿ. ವರ್ತಕನ ಅಜ್ಜ ತೋಡಿಸಿದ್ದು. ಉಪ್ಪುನೀರಿನ ದಡದಲ್ಲಿ ಸಿಹಿನೀರು ಸಿಕ್ಕಿದ್ದೇ ಒಂದು ಸೋಜಿಗ. ಅಜ್ಜ ಅಲ್ಲಿ ಬೇಸಿಗೆಗೆ ಚಪ್ಪರ ಹಾಕಿಸಿ ಅರವಟ್ಟಿಗೆ ಇಟ್ಟ. ದಾರಿಹೋಕನಿರಲಿ, ಹಮಾಲನಿರಲಿ, ಖಲಾಸಿಯಿರಲಿ, ಒಂದು ತುಂಡು ಬೆಲ್ಲ, ಬೇಕಾದಷ್ಟು ನೀರು. ಕಟ್ಟಳೆಗಳನ್ನೂ ಮಾಡಿ ಹೋದ. ಬಾವಿಗೆ ಒಂದೇ ಹಗ್ಗ, ಒಂದೇ ಕೊಡ. ಸೇವೆಗೆ ಕುಳಿತವನು ಮಾತ್ರ ಸೇದಬೇಕು. ಸೇವೆ ಮಾಡುತ್ತೇನೆಂದು ಬಂದವನನ್ನು ಬೇಡವೆನ್ನಬಾರದು. ಬೊಗಸೆ ಒಡ್ಡಿದವನಿಗೆ ಇಲ್ಲವೆನ್ನಬಾರದು; ಅವನಾಗಿ ಸಾಕೆಂದು ತಲೆಯಾಡಿಸುವವರೆಗೆ ಗಿಂಡಿಯ ಧಾರೆ ನಿಲ್ಲಿಸಬಾರದು.

ಧಕ್ಕೆಯ ಜನ ಮನೆಗೆ ಒಯ್ಯುವ ನೀರೂ ಅಲ್ಲಿಯದೇ. ಆ ಕಡೆ ವರ್ತಕನ ಹೆಸರು ಯಾರಿಗೂ ಬೇಕಿರಲಿಲ್ಲ. ‘ಅರವಟ್ಟಿಗೆಯವರ ಮೊಮ್ಮಗ’ ಎಂದರೆ ಸಾಕು, ಹಡಗಿನವರು ಬೇರೆ ಮಾತಿಲ್ಲದೆ ಸರಕು ಇಳಿಸುತ್ತಿದ್ದರು. ಅದು ವರ್ತಕನಿಗೆ ಚೆನ್ನಾಗಿ ಗೊತ್ತಿತ್ತು. ಅಜ್ಜನ ಮೇಲಿನ ಪ್ರೀತಿಯೂ ನಿಜವೇ. ವರ್ತಕರಲ್ಲಿ ಇವೆರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ.

ಬಾವಿಯ ಹಿಂದೆ ಖಾಲಿ ಜಾಗವಿತ್ತು. ವರ್ತಕ ಅಲ್ಲಿ ಮೀನಿಗೆ ಉಪ್ಪು ಹಾಕುವ ಅಂಗಳ ಮಾಡಿದ. ಘಟ್ಟದ ಮೇಲಿನವರಿಗೆ ಒಣಮೀನು ಎಷ್ಟು ಕಳಿಸಿದರೂ ಸಾಲುತ್ತಿರಲಿಲ್ಲ. ಹೆಂಗಸರು ಕುಳಿತು ಮೀನು ಸೀಳುವರು, ತೊಳೆಯುವರು, ಉಪ್ಪು ತುಂಬುವರು. ತೊಳೆದ ನೀರು ಅಲ್ಲೇ ಇಂಗುವುದು. ಅಷ್ಟೂ ಜನ ಹಗಲೆಲ್ಲ ಅಲ್ಲೇ. ಅವರ ಹೊರಕಡೆಗೂ ಅಂಗಳದ ಅಂಚೇ ಗತಿ. ಮರು ಬೇಸಿಗೆಯಲ್ಲಿ ಧಕ್ಕೆಗೆ ವಾಂತಿಭೇದಿ ಬಂತು. ಅದರ ಮುಂದಿನ ಬೇಸಿಗೆಯಲ್ಲೂ ಬಂತು. ಊರವರು ದೇವಿಗೆ ಹರಕೆ ಹೊತ್ತರು. ವೈದ್ಯ ಮಾತ್ರ ರೋಗಿಗಳನ್ನು ಬೇರೆ ಪ್ರಶ್ನೆ ಕೇಳತೊಡಗಿದ. ಏನು ತಿಂದೆ ಎನ್ನುತ್ತಿದ್ದವನು ಈಗ ಎಲ್ಲಿ ಕುಡಿದೆ ಎನ್ನುತ್ತಿದ್ದ. ಉತ್ತರ ಯಾವಾಗಲೂ ಒಂದೇ.

ಒಂದು ಸಂಜೆ ಅವನು ಜಗಲಿಗೆ ಬಂದವನು ಕೂರಲಿಲ್ಲ.

“ಅಂಗಳ ಎತ್ತು, ಇಲ್ಲವೇ ಬಾವಿ ಮುಚ್ಚು” ಎಂದ.

ವರ್ತಕ ನಕ್ಕ. “ಕೂತು ಬೈಯಿ ಮಾರಾಯ, ನಿಂತರೆ ಕಾಲು ನೋಯುತ್ತದೆ.”

“ನಗುವ ಮಾತಲ್ಲ. ಅಂಗಳದ ಹೊಲಸು ಬಾವಿಗೆ ಇಳಿಯುತ್ತಿದೆ.”

“ಭೂಮಿತಾಯಿ ಎಲ್ಲವನ್ನೂ ಸೋಸುತ್ತಾಳೆ. ಕಡಲಿನ ಉಪ್ಪನ್ನೇ ಸೋಸಿ ಸಿಹಿನೀರು ಕೊಟ್ಟವಳಿಗೆ ನಾಲ್ಕು ಮೀನಿನ ತಲೆ ಭಾರವೇ?”

“ಸೋಸಿದ್ದರೆ ನಿನ್ನೆ ಆ ಹಮಾಲನ ಹೆಂಡತಿ ಸಾಯುತ್ತಿರಲಿಲ್ಲ.”

ವರ್ತಕನ ನಗು ನಿಂತಿತು. “ಅಂದರೆ ನನ್ನ ಅಜ್ಜ ಇಟ್ಟ ನೀರು ಜನರನ್ನು ಕೊಲ್ಲುತ್ತಿದೆ ಎನ್ನುತ್ತೀ.”

“ಅಜ್ಜನ ಮಾತು ನಾನು ಎತ್ತಲಿಲ್ಲ. ಅಂಗಳದ ಮಾತು ಎತ್ತಿದೆ.”

“ಬಾವಿ ಅಜ್ಜನದು, ಅಂಗಳ ನನ್ನದು. ಎರಡಕ್ಕೂ ನಾಡಿಯಿಲ್ಲ. ನೀನು ಹಿಡಿದು ನೋಡುವ ಕೆಲಸವಿಲ್ಲ.”

ವೈದ್ಯ ವೀಳ್ಯ ಮುಟ್ಟದೆ ಹೋದ. ವರ್ತಕ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ. ದಿನವೂ ಸುಳ್ಳು ಸರಕು ನೋಡುವವನಿಗೆ ನಿಜ ಸರಕು ಎದುರು ಬಂದಾಗ ಗೊತ್ತಾಗದೆ ಇರುವುದಿಲ್ಲ. ಗೊತ್ತಾದದ್ದನ್ನು ಒಪ್ಪಿಕೊಳ್ಳುವುದು ಬೇರೆಯೇ ವ್ಯಾಪಾರ.

ವೈದ್ಯ ಊರಿಗೆ ಹೇಳಿದ. ಧಕ್ಕೆಯ ಬಾವಿ ಕೆಟ್ಟಿದೆ, ಗುಡ್ಡದ ಬಾವಿಯಿಂದ ನೀರು ತನ್ನಿ ಎಂದ. ಏಕೆ ಕೆಟ್ಟಿತು ಎಂದು ಮಾತ್ರ ಹೇಳಲಿಲ್ಲ. ಊರು 'ಧರ್ಮಕ್ಕೆ ತೋಡಿಸಿದ ಬಾವಿ ಕೆಡುವುದುಂಟೇ?' ಎಂದಿತು. ಅಂಗಳದಲ್ಲಿ ಮೀನು ಸೀಳುತ್ತಿದ್ದ ಹೆಂಗಸೊಬ್ಬಳು ಕತ್ತಿ ಎತ್ತಿ ಕೂಗಿದಳು: “ಪಂಡಿತರೇ, ಮಂಡಿನೋವಿನ ಎಣ್ಣೆ ಜಾಸ್ತಿ ಕಾಯಿಸಿಬಿಟ್ಟಿರೋ ಹೇಗೆ? ಅದಕ್ಕೇ ನಮ್ಮನ್ನು ಗುಡ್ಡ ಹತ್ತಿಸುತ್ತೀರಿ!”

ಧಕ್ಕೆಯೆಲ್ಲ ನಕ್ಕಿತು. ಜಗಲಿಯಲ್ಲಿ ಕೂತಿದ್ದ ವರ್ತಕನೂ ನಕ್ಕ. ನಕ್ಕ ಮೇಲೆ ಅವನಿಗೆ ಅದೇಕೋ ಹಿತವೆನಿಸಲಿಲ್ಲ.

ಮುಂದಿನ ಯುಗಾದಿಗೆ ಅರವಟ್ಟಿಗೆಯ ಚಪ್ಪರ ಎದ್ದಿತು. ಬೆಳಿಗ್ಗೆ ವೈದ್ಯ ಮಡಿಪಂಚೆ ಉಟ್ಟು ಬಂದು ವರ್ತಕನ ಮುಂದೆ ನಿಂತ.

“ಈ ಬೇಸಿಗೆ ಅರವಟ್ಟಿಗೆಯ ಸೇವೆ ನನಗೆ ಕೊಡು.”

ವರ್ತಕನಿಗೆ ಮನಸ್ಸು ತುಂಬಿ ಬಂತು. ಇಷ್ಟು ದಿನ ಜಗಲಿ ಬರಿದಾಗಿತ್ತು. ಬಾಯಿಬಿಟ್ಟು ತಪ್ಪಾಯಿತು ಎನ್ನುವ ಜಾತಿಯವನಲ್ಲ ಗೆಳೆಯ. ಹೀಗೆ ಬಂದು ನಿಂತಿದ್ದಾನೆ ಎಂದುಕೊಂಡ. ಸೇವೆ ಕೇಳಿದವನನ್ನು ಬೇಡವೆನ್ನುವ ಹಾಗೂ ಇಲ್ಲ. ತಾನೇ ಗಿಂಡಿ ಬೆಳಗಿ ಅವನ ಕೈಗಿಟ್ಟ. ಮೂಟೆಯ ಹೊರಗಿನಿಂದಲೇ ಒಳಗಿನ ಹುಳು ಹೇಳುವ ಮನುಷ್ಯ ಗೆಳೆಯನ ಮುಖ ನೋಡಿ ಮೋಸಹೋದ.

ಬಿಸಿಲೇರಿತು. ಆಗಷ್ಟೇ ಲಂಗರು ಹಾಕಿದ ಹಡಗನ್ನು ನಡೆಸುವ ತಂಡೇಲ ಬಾಯಾರಿ ಬಂದ. ಬೆಲ್ಲವನ್ನು ದವಡೆಗೆ ಒತ್ತರಿಸಿಕೊಂಡು ಬೊಗಸೆ ಒಡ್ಡಿದ. ತಲೆ ಎತ್ತಿ ನೋಡಿದ. ಬೊಗಸೆ ತಾನಾಗಿಯೇ ಬಿಚ್ಚಿಕೊಂಡಿತು.

“ಪಂಡಿತರೇ, ನೀವು ಇಲ್ಲಿ?”

“ಕಾಣುವುದಿಲ್ಲವೇ? ಸೇವೆಗೆ ಕುಳಿತಿದ್ದೇನೆ.”

“ಒಳ್ಳೆಯದು, ಬಹಳ ಒಳ್ಳೆಯದು. ನನಗೆ ಬಾಯಾರಿಕೆ ಅಂಥದ್ದೇನೂ ಇಲ್ಲ. ಬೆಲ್ಲ ಸಾಕು” ಎಂದು ತಂಡೇಲ ಗುಡ್ಡದ ದಾರಿ ಹಿಡಿದ.

ಅವನ ಹಿಂದೆ ಬಂದವರೂ ಬೆಲ್ಲ ತಿಂದು ಗುಡ್ಡ ಹತ್ತಿದರು. ಕೊಡ ಹೊತ್ತ ಹೆಂಗಸರು ದೂರದಿಂದಲೇ ತಿರುಗಿದರು. ಬಾವಿಗೆ ಒಂದೇ ಹಗ್ಗ. ಆ ಹಗ್ಗ ಕೊನೆಯ ನೀರು ಬಿಡುವ ಕೈಯಲ್ಲಿ. ತಿರುಗುವಾಗ ಅವರು ವೈದ್ಯನ ಹುಟ್ಟನ್ನು ಬೈದರು. ಗುಡ್ಡದ ನಡುವೆ ನಿಂತು ಉಸಿರು ತೆಗೆದುಕೊಳ್ಳುವಾಗ ಇನ್ನೊಮ್ಮೆ ಬೈದರು.

ವರ್ತಕನಿಗೆ ವ್ಯಾಪಾರ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಬಾವಿಕಟ್ಟೆಗೆ ಬಂದು ಹಲ್ಲು ಕಚ್ಚಿ ಹೇಳಿದ: “ನೀನು ಸೇವೆಗೆ ಬಂದವನಲ್ಲ. ಬೇಲಿ ಹಾಕಲು ಬಂದವನು.”

“ಬೇಲಿಯೂ ಒಂದು ಸೇವೆ.”

“ಏಳು ಇಲ್ಲಿಂದ.”

“ಎಲ್ಲರಿಗೂ ಕೇಳುವ ಹಾಗೆ ಹೇಳು, ಈಗಲೇ ಏಳುತ್ತೇನೆ. ಅಜ್ಜನ ಕಟ್ಟಳೆ ಮುರಿದವನು ಮೊಮ್ಮಗನೇ ಆಗಲಿ.”

ವರ್ತಕ ಸುತ್ತ ನೋಡಿದ. ಧಕ್ಕೆ ಕಿವಿ ನೆಟ್ಟು ನಿಂತಿತ್ತು. ಬಂದ ದಾರಿಯಲ್ಲೇ ಹೋದ.

ಹೋಗಿ ಯೋಚಿಸಿದ. ಸಂತೆಯ ದಿನ ಜನ ಕಿಕ್ಕಿರಿದಿದ್ದಾಗ ಬಾವಿಕಟ್ಟೆಗೆ ಬಂದ. ವೈದ್ಯನ ಕೈಯಿಂದಲೇ, ಎಲ್ಲರ ಕಣ್ಣೆದುರೇ ಕುಡಿದುಬಿಟ್ಟರೆ ಸರಿ. ಮೊಮ್ಮಗ ಕುಡಿದು ನೆಟ್ಟಗೆ ನಡೆದುಹೋದರೆ ಊರಿನ ಹೆದರಿಕೆ ಹೋಗುತ್ತದೆ. ಹೆದರಿಕೆ ಹೋದರೆ ಬೇಲಿಯೂ ಹೋಯಿತು.

ಬೊಗಸೆ ಒಡ್ಡಿದ. “ಬಿಡು ನೀರು.”

ವೈದ್ಯನ ಕೈಯಲ್ಲಿ ಗಿಂಡಿ ತುಂಬಿತ್ತು. “ಬೇಡ ಮಾರಾಯ” ಎಂದ ಮೆಲ್ಲಗೆ.

“ಬಿಡು ಎಂದೆ.”

ವೈದ್ಯ ಗಿಂಡಿಯನ್ನು ಬೊಗಸೆಯ ಪಕ್ಕಕ್ಕೆ ಸರಿಸಿದ. ನೀರನ್ನು ನೆಲಕ್ಕೆ ಸುರಿದ, ಕೊನೆಯ ಹನಿಯವರೆಗೆ.

ಸಂತೆಯ ಗದ್ದಲ ನಿಂತುಹೋಯಿತು. ಆ ಊರಿನಲ್ಲಿ ಕಳ್ಳರಿದ್ದರು, ಸುಳ್ಳರಿದ್ದರು. ಅರವಟ್ಟಿಗೆಯಲ್ಲಿ ಒಡ್ಡಿದ ಬೊಗಸೆಯ ಮುಂದೆ ನೀರು ಚೆಲ್ಲಿದವರು ಇರಲಿಲ್ಲ. “ಈ ಪಾಪಿ ನರಕಕ್ಕೆ ಹೋದರೆ ಅಲ್ಲಿಯೂ ಬಾಯಾರುತ್ತಾನೆ” ಎಂದು ಯಾರೋ ಮುದುಕ ನೆಲಕ್ಕೆ ಉಗುಳಿದ. ವರ್ತಕ ಖಾಲಿ ಬೊಗಸೆಯನ್ನು ಹಾಗೆಯೇ ಹಿಡಿದಿದ್ದ. ಅದನ್ನು ಏನು ಮಾಡಬೇಕೆಂದು ತೋಚದೆ ಮುಖ ಒರೆಸಿಕೊಂಡು ಹೋದ.

ಅಂದಿನಿಂದ ಮದ್ದಿಗೂ ವೈದ್ಯನ ಮನೆಗೆ ಬರುವವರು ಕಡಿಮೆಯಾದರು. ಹೊಳೆ ದಾಟಿ ಆಚೆ ಊರಿನ ವೈದ್ಯನ ಹತ್ತಿರ ಹೋದರು. ಸೇವೆಗೆ ಕುಳಿತವನನ್ನು ಎಬ್ಬಿಸಲು ಅಜ್ಜನ ಕಟ್ಟಳೆಯಲ್ಲಿ ದಾರಿಯಿರಲಿಲ್ಲ. ಇತ್ತ ವೈದ್ಯ ದಿನವೂ ಬೆಳಿಗ್ಗೆ ಬಾವಿಕಟ್ಟೆಗೆ ಬಂದು ಕೂರುವನು, ದೀಪ ಹಚ್ಚುವ ಹೊತ್ತಿಗೆ ಹಗ್ಗ ಸುತ್ತಿಕೊಂಡು ಎದ್ದು ಹೋಗುವನು. ಜಗಲಿಯಿಂದ ವರ್ತಕನಿಗೆ ಅವನ ಬೆನ್ನು ಕಾಣುತ್ತಿತ್ತು. ಬರಬರುತ್ತ ಆ ಬೆನ್ನು ಬಗ್ಗುವುದೂ ಕಾಣುತ್ತಿತ್ತು.

ಬೇಸಿಗೆ ನಡುವಾದರೂ ಧಕ್ಕೆಯಲ್ಲಿ ಒಬ್ಬರಿಗೂ ವಾಂತಿಭೇದಿ ಆಗಿರಲಿಲ್ಲ. ದೇವಿ ಹರಕೆ ಒಪ್ಪಿದಳು ಎಂದರು.

ವರ್ತಕ ಹಟ ಬಿಡಲಿಲ್ಲ. ವೈದ್ಯ ಬರುವ ಮೊದಲೇ, ಯಾರ ಕಣ್ಣಿಗೂ ಬೀಳದ ಹಾಗೆ ಹೋಗಿ, ಮನೆಯ ಹಗ್ಗದಿಂದ ತಾನೇ ಸೇದಿ, ಮನೆಗೆ ಕೊಡ ತರುತ್ತಿದ್ದ. ಹೆಂಡತಿಗೆ ಅದು ಸರಿಬರಲಿಲ್ಲ.

“ಪಂಡಿತಣ್ಣ ಹೇಳಿದ್ದು ಸುಳ್ಳಾದರೆ ಗುಡ್ಡ ಹತ್ತಿದ್ದಷ್ಟೇ ನಷ್ಟ. ನಿಜವಾದರೆ?” ಎಂದಳು.

“ಈ ಮನೆಯ ಸೊಸೆ ಈ ಮನೆಯ ನೀರು ಕುಡಿಯದೆ ಇನ್ಯಾರು ಕುಡಿಯಬೇಕು?” ಎಂದ.

ಅವಳು ಕುಡಿದಳು.

ಒಂದು ಬೆಳಿಗ್ಗೆ ಅವಳಿಗೆ ಶುರುವಾಯಿತು. ಬಿಸಿಲೇರುವಷ್ಟರಲ್ಲಿ ಕಣ್ಣು ಗುಳಿಬಿತ್ತು, ಬೆರಳ ತುದಿ ಸುಕ್ಕುಗಟ್ಟಿತು, ದನಿ ಒಳಗಿಳಿಯಿತು. ಅಂಥ ಮುಖಗಳನ್ನು ವರ್ತಕ ಧಕ್ಕೆಯಲ್ಲಿ ಕಂಡಿದ್ದ. ಹೆಗಲ ಮೇಲೆ ಶಲ್ಯವೂ ಇಲ್ಲದೆ, ಅಷ್ಟು ಜನರ ನಡುವೆ ಬಾವಿಕಟ್ಟೆಗೆ ಓಡಿದ. ಗೆಳೆಯನ ಮುಂದೆ ನಿಂತ.

ವೈದ್ಯ ಮುಖ ನೋಡಿಯೇ ಎದ್ದ. “ಯಾರಿಗೆ?”

“ಅವಳಿಗೆ.”

ವೈದ್ಯ ಗಿಂಡಿಯನ್ನು ವರ್ತಕನ ಕೈಗೆ ತುರುಕಿದ. “ಹಿಡಿ. ನಾನು ಬರುವವರೆಗೆ ಇಲ್ಲಿಂದ ಏಳಬೇಡ. ಒಂದು ಹನಿ ಯಾರಿಗೂ ಬಿಡಬೇಡ.”

“ನಾನೂ ಬರುತ್ತೇನೆ.”

“ಬಂದು ಮಾಡುವುದೇನು? ಅಳುವುದು. ಅದಕ್ಕೆ ಮನೆಯಲ್ಲಿ ಬೇರೆ ಜನ ಇದ್ದಾರೆ. ಇಲ್ಲಿ ನೀನೊಬ್ಬನೇ ಇರುವುದು.” ಇಷ್ಟು ಹೇಳಿ ವೈದ್ಯ ಪಂಚೆ ಎತ್ತಿ ಕಟ್ಟಿ ಓಡಿದ. ಅವನು ಓಡಿದ್ದನ್ನು ಧಕ್ಕೆಯ ಜನ ಮೊದಲ ಸಲ ನೋಡಿದರು.

ವರ್ತಕ ಅಜ್ಜನ ಬಾವಿಕಟ್ಟೆಯ ಮೇಲೆ ಕುಳಿತ. ಅವಳು ಇದ್ದಾಳೋ ಹೋದಳೋ ತಿಳಿಯದು. ಎದ್ದು ಹೋಗುವ ಹಾಗಿಲ್ಲ. ಅಷ್ಟರಲ್ಲಿ ಒಬ್ಬ ಖಲಾಸಿ ಬಂದ.

“ಅಬ್ಬ, ಆ ಪಂಡಿತ ಎದ್ದನೇ! ಪುಣ್ಯಾತ್ಮರು ನೀವು ಕೂತಿರಿ. ಬಿಡಿ ಸೆಟ್ಟರೇ, ಗಂಟಲು ಅಂಟಿಹೋಗಿದೆ” ಎಂದು ಬೊಗಸೆ ಒಡ್ಡಿದ. ಅವನ ಹಿಂದೆ ಇನ್ನಷ್ಟು ಜನ ನಗುನಗುತ್ತ ಬಂದು ನಿಂತರು. ಅರವಟ್ಟಿಗೆಯವರ ಮೊಮ್ಮಗನೇ ಗಿಂಡಿ ಹಿಡಿದಿದ್ದಾನೆ, ಬೇಸಿಗೆಯ ಗ್ರಹಚಾರ ಬಿಟ್ಟಿತು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಗಿಂಡಿ ಒಂದಿಷ್ಟು ಬಗ್ಗಿಸಿದರೆ ಸಾಕು, ಕಳೆದ ಹೆಸರು ಮರಳಿ ಕೈಗೆ ಬರುತ್ತದೆ. ಇದು ವರ್ತಕನಿಗೆ ತಿಳಿಯಿತು. ಬೊಗಸೆಯನ್ನು ನೋಡಿದ. ಬೆರಳುಗಳು ದಪ್ಪಗಿದ್ದವು, ಹಗ್ಗ ಎಳೆದು ಎಳೆದು ಒರಟಾಗಿದ್ದವು. ಅವನ ಕಣ್ಣಿಗೆ ಅವು ಸುಕ್ಕುಗಟ್ಟಿದ ಹಾಗೆ ಕಂಡವು.

“ಇಲ್ಲ” ಎಂದ.

ಆ ಕಟ್ಟೆಯ ಮೇಲೆ ಕುಳಿತು ಅವನ ಮನೆತನದವರು ಯಾರೂ ಆಡದ ಮಾತು ಅದು.

“ಗಿಂಡಿ ತುಂಬಿದೆಯಲ್ಲ!”

“ತುಂಬಿದೆ. ಕೊಡುವುದಿಲ್ಲ. ಗುಡ್ಡಕ್ಕೆ ಹೋಗು.”

ಖಲಾಸಿ ಬೊಗಸೆ ಕೊಡವಿದ. “ನಿಮ್ಮ ಅಜ್ಜ ಮನೆಯಲ್ಲಿ ಮಕ್ಕಳನ್ನು ಸಾಕಿದನೋ, ಕಲ್ಲುಗುಂಡು ಸಾಕಿದನೋ?” ಎಂದ. ಹಿಂದಿದ್ದವರು ಇನ್ನೂ ದೊಡ್ಡ ಮಾತು ಆಡಿದರು. ಬೈದು ಬೈದು ಗುಡ್ಡದ ಕಡೆ ನಡೆದರು.

ವರ್ತಕನ ಕಿವಿ ಸುಟ್ಟುಹೋಯಿತು. ಒಂದು ಬೈಗುಳದ ತೂಕ ಎಷ್ಟೆಂದು ಅವನಿಗೆ ಆಗ ತಿಳಿಯಿತು. ಗೆಳೆಯ ಬೇಸಿಗೆಯುದ್ದಕ್ಕೂ ಹೊತ್ತದ್ದು ಎಷ್ಟು ಮಣವಿರಬಹುದು ಎಂದು ತೂಗಲು ನೋಡಿದ, ಕೈಲಾಗಲಿಲ್ಲ. ಬಿಸಿಲು ಇಳಿಯುವವರೆಗೂ ಬೊಗಸೆಗಳು ಬಂದವು. ಬಂದ ಬೊಗಸೆಗೆಲ್ಲ ಅವನು ಇಲ್ಲವೆಂದ.

ಮನೆಮನೆಯಲ್ಲಿ ದೀಪ ಹತ್ತುವಾಗ ವೈದ್ಯ ಬಂದ. ಪಂಚೆಯೆಲ್ಲ ಒದ್ದೆಯಾಗಿತ್ತು.

“ಕಣ್ಣು ಬಿಟ್ಟಳು” ಎಂದ. “ಬಿಟ್ಟವಳು ಮೊದಲು ಕೇಳಿದ್ದು, ನೀನು ಊಟ ಮಾಡಿದೆಯೋ ಇಲ್ಲವೋ ಎಂದು. ಇಂಥ ಹೆಂಗಸಿಗೆ ನಿನ್ನಂಥವನು ಹೇಗೆ ಗಂಟುಬಿದ್ದೆಯೋ, ಅದಕ್ಕೆ ನನ್ನಲ್ಲಿ ಮದ್ದಿಲ್ಲ.”

ವರ್ತಕ ಗಿಂಡಿ ಹಿಡಿದುಕೊಂಡೇ ಅತ್ತ.

ವೈದ್ಯ ಅವನ ಪಕ್ಕದಲ್ಲಿ ಕುಳಿತ. “ಸಾಕು, ಆಚೆ ತಿರುಗಿ ಅಳು. ಉಪ್ಪುನೀರು ಬಾವಿಗೆ ಬಿದ್ದೀತು.”

ಅವಳು ಏಳಲು ಸ್ವಲ್ಪ ದಿನ ಬೇಕಾಯಿತು. ವೈದ್ಯ ಗುಡ್ಡದ ನೀರು ಕಾಯಿಸಿ, ಗಂಜಿಯ ತಿಳಿಗೆ ಉಪ್ಪು ಹಾಕಿ, ತಾನೇ ಗುಟುಕು ಗುಟುಕಾಗಿ ಅವಳ ಬಾಯಿಗೆ ಬಿಡುತ್ತಿದ್ದ. ದಿಂಬಿಗೆ ಒರಗಿ ಕೂರುವಷ್ಟಾದ ದಿನ ಅವಳು ಹೇಳಿದಳು: “ಪಂಡಿತಣ್ಣ, ನಿನ್ನ ಕೈಯ ನೀರು ಕುಡಿದೂ ನಾನು ಎದ್ದು ಕೂತೆ. ಊರಿಗೆಲ್ಲ ಹೇಳುತ್ತೇನೆ ನೋಡು.”

“ಹಾಗೆ ಮಾತ್ರ ಮಾಡಬೇಡ ತಂಗಿ” ಎಂದು ವೈದ್ಯ ಗಾಬರಿಯಾದ. “ಮಳೆ ಬೀಳುವವರೆಗೆ ನನ್ನ ಅಪಕೀರ್ತಿ ಬಹಳ ಬೇಕಾಗಿದೆ.”

ವರ್ತಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ವೈದ್ಯನನ್ನು ಜಗಲಿಗೆ ಕರೆದುಕೊಂಡು ಹೋಗಿ ವೀಳ್ಯದ ತಟ್ಟೆ ತಳ್ಳಿದ.

“ಒಂದು ಕೇಳುತ್ತೇನೆ. ಬಾವಿ ಕೆಟ್ಟಿದ್ದು ನನ್ನ ಅಂಗಳದಿಂದ ಎಂದು ನೀನು ಊರಿಗೆ ಹೇಳಿದ್ದರೆ ಒಂದೇ ದಿನಕ್ಕೆ ಅಂಗಳ ಎತ್ತಿಸುತ್ತಿದ್ದರು. ಏಕೆ ಹೇಳಲಿಲ್ಲ?”

ವೈದ್ಯ ಎಲೆಗೆ ಸುಣ್ಣ ಸವರಿದ. “ಎತ್ತಿಸುತ್ತಿರಲಿಲ್ಲ, ಬೆಂಕಿ ಇಡುತ್ತಿದ್ದರು. ಅಲ್ಲಿ ಕೂತು ಮೀನು ಸೀಳುವವರ ಒಲೆ ಆರುತ್ತಿತ್ತು. ಆಮೇಲೆ ನೀನು ಹಟಕ್ಕೆ ಬಿದ್ದು ಇನ್ನೊಂದು ಕಡೆ ಇನ್ನೂ ದೊಡ್ಡ ಅಂಗಳ ಮಾಡುತ್ತಿದ್ದೆ. ಅದೂ ಯಾವುದಾದರೂ ಬಾವಿಯ ಪಕ್ಕದಲ್ಲೇ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ ಮಾರಾಯ?”

ವರ್ತಕನಿಗೆ ಕೋಪ ಬರಬೇಕಿತ್ತು. ನಗು ಬಂತು. ಹೌದು, ಹಾಗೆಯೇ ಮಾಡುತ್ತಿದ್ದೆ ಎಂದುಕೊಂಡ.

ಮಳೆಗೆ ಮೊದಲೇ ಅವನು ಅಂಗಳವನ್ನು ಊರಿನಿಂದ ದೂರ, ಹೊಳೆ ಕಡಲು ಸೇರುವ ಅಳಿವೆಯ ಆಚೆಗೆ ಸಾಗಿಸಿದ. ಹೆಂಗಸರನ್ನು ಒಯ್ಯಲು ದೋಣಿಯನ್ನೂ ಇಟ್ಟ. ಹಳೆಯ ಜಾಗದ ಮಣ್ಣು ಕೆರೆದು ತೆಗೆಸಿದ. ಬಾವಿ ಬತ್ತಿಸಿ, ಕೆಸರು ಎತ್ತಿಸಿ, ಸುಣ್ಣ ಹಾಕಿಸಿದ. ಹೊಸ ನೀರು ಬಂದ ಮೇಲೆ ವೈದ್ಯ ಮೂಸಿ ನೋಡಿದ, ಕಾದು ನೋಡಿದ, ತಾನು ಮೊದಲು ಕುಡಿದು ನೋಡಿದ. ಮುಂದಿನ ಬೇಸಿಗೆಗೆ ಚಪ್ಪರ ಎದ್ದಾಗ ಅವನು ಸೇವೆ ಕೇಳಲಿಲ್ಲ. ಬೇರೆಯವರು ಕುಳಿತರು. ಜನ ಮುಗಿಬಿದ್ದು ಕುಡಿದರು. ಯಾರಿಗೂ ಏನೂ ಆಗಲಿಲ್ಲ.

“ನೋಡಿದಿರಾ, ಪಂಡಿತನ ದೃಷ್ಟಿ ತೊಲಗಿತು, ಬಾವಿ ಸರಿಹೋಯಿತು” ಎಂದು ಊರು ಹೇಳಿಕೊಂಡಿತು.

ವರ್ತಕನಿಗೆ ತಡೆಯಲಾಗಲಿಲ್ಲ. ಸಂತೆಯ ನಡುವೆ ಮೂಟೆಯ ಮೇಲೆ ಹತ್ತಿ ನಿಂತು ಕೂಗಿ ಹೇಳಿದ: “ಬಾವಿ ಕೆಟ್ಟಿದ್ದು ನನ್ನ ಅಂಗಳದಿಂದ. ನಿಮ್ಮನ್ನು ಉಳಿಸಿದ್ದು ಪಂಡಿತ. ಬೈಯುವುದಿದ್ದರೆ ನನ್ನನ್ನು ಬೈಯಿರಿ.”

ಸಂತೆ ಕೇಳಿತು. ಕೇಳಿ ತಲೆದೂಗಿತು. “ಎಂಥ ದೊಡ್ಡ ಮನಸ್ಸು ಸೆಟ್ಟರದು! ಗೆಳೆಯನ ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದಾರೆ. ಅಜ್ಜನ ಮೊಮ್ಮಗ ಎಂದರೆ ಇವರೇ” ಎಂದಿತು. ಅಂದಿನಿಂದ ವರ್ತಕನ ಹೆಸರು ಇನ್ನೂ ದೊಡ್ಡದಾಯಿತು, ವೈದ್ಯನದು ಇನ್ನೂ ಕೆಟ್ಟಿತು. ವರ್ತಕ ಸಂಜೆ ಜಗಲಿಯಲ್ಲಿ ಇದನ್ನು ಹೇಳಿ ತಲೆ ಚಚ್ಚಿಕೊಂಡ. ವೈದ್ಯ ಬಾಯಲ್ಲಿದ್ದ ವೀಳ್ಯ ನೆತ್ತಿಗೇರುವಷ್ಟು ನಕ್ಕ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಹತ್ತಿರ ಸರಿದ.

“ಆಮೇಲಾದರೂ ಊರಿಗೆ ನಿಜ ತಿಳಿಯಿತೇ ಗುರುಗಳೇ?”

“ಇಲ್ಲ. ವೈದ್ಯ ಮುದುಕನಾದ. ಕೋಲೂರಿಕೊಂಡು ಧಕ್ಕೆಯ ಮೇಲೆ ನಡೆದುಹೋಗುವಾಗಲೂ ಜನ ಬೈಯುತ್ತಿದ್ದರು.”

“ಅದನ್ನು ಕೇಳಿ ಅವನು ಏನು ಮಾಡುತ್ತಿದ್ದ?”

“ಬೈದವನ ದನಿ ಗಟ್ಟಿಯಾಗಿದ್ದರೆ, ಇವನಿಗೆ ಮದ್ದು ಬೇಡ ಎಂದು ತಿಳಿದು ಮುಂದೆ ನಡೆಯುತ್ತಿದ್ದ.”